ಎಲ್ಲರೂ ಒಟ್ಟಿಗೆ ಮಾತಾಡುವ ಮನೆ

ದೊಡ್ಡಮ್ಮನ ಮನೆಯ ಭಾನುವಾರದ ಊಟದಲ್ಲಿ, ಒಬ್ಬರ ಮಾತು ಮುಗಿಯಲಿ ಎಂದು ಇನ್ನೊಬ್ಬರು ಕಾದದ್ದನ್ನು ಕಂಡವರಿಲ್ಲ. ದೊಡ್ಡಮ್ಮನ ಮಗ ಕಾರು ಕಲಿಸುವ ಮೇಷ್ಟ್ರು. ದಿನವಿಡೀ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂಗಿ ಕೂಗಿ, ಉಪ್ಪು ಬೇಕಾದರೂ ಬ್ರೇಕು ಒತ್ತು ಅನ್ನುವ ದನಿಯಲ್ಲೇ ಕೇಳುತ್ತಿದ್ದ. ಸೊಸೆ ಶಾಲೆಯ ಟೀಚರು. ಗದ್ದಲದ ಮೇಲೆ ದನಿ ಏರಿಸುವುದೇ ಅವಳ ಕಸುಬು. ದೊಡ್ಡಮ್ಮನ ತಮ್ಮ, ಮನೆಯವರಿಗೆಲ್ಲ ಮಾವ, ಹಳೇ ಸಾಮಾನಿನ ಹರಾಜು ಕೂಗುವವರು. ಅವರು ಮಾತಿನ ನಡುವೆ ಯಾವಾಗ ಉಸಿರಾಡುತ್ತಾರೆ ಎಂಬುದು ಮನೆಯವರಿಗೆ ಇನ್ನೂ ಗೊತ್ತಾಗಿಲ್ಲ.

ಈ ಮೂವರ ಬಾಯನ್ನೂ ಮುಚ್ಚಿಸುವ ತಾಕತ್ತು ಇದ್ದದ್ದು ದೊಡ್ಡಮ್ಮನಿಗೆ ಮಾತ್ರ. ಆದರೆ ಎರಡು ವರ್ಷದ ಹಿಂದೆ ಅವರಿಗೊಂದು ಕೆಟ್ಟ ಜ್ವರ ಬಂತು. ಬಂದದ್ದು ಹೋಗುವಾಗ ಸುಮ್ಮನೆ ಹೋಗಲಿಲ್ಲ, ಎರಡು ಕಿವಿಗಳನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಅವರ ತಂಗಿಯ ಮಗಳನ್ನು ಮನೆಯಲ್ಲಿ ಎಲ್ಲರೂ ಕೆದಕಮ್ಮ ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಗಡಿಯಾರ, ರೇಡಿಯೋ, ಇಸ್ತ್ರಿ ಪೆಟ್ಟಿಗೆ, ಯಾವುದನ್ನೂ ಅವಳು ಕೆದಕದೆ ಬಿಟ್ಟವಳಲ್ಲ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಸಾಕಿದ್ದು ದೊಡ್ಡಮ್ಮನೇ, ಹಾಳಾದ ರೇಡಿಯೋಗೆ ಬೈದದ್ದೂ ದೊಡ್ಡಮ್ಮನೇ. ಈಗ ಕೆದಕಮ್ಮ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮು ಬರೆಯುತ್ತಿದ್ದಳು. ಕಿವಿ ಕೇಳದವರಿಗಾಗಿ ಆ ಕಂಪನಿ ಒಂದು ಹಲಗೆ ಮಾಡುತ್ತಿತ್ತು. ಮಾತಾಡುವವರು ಅಂಗಿಗೆ ಗುಂಡಿಯಷ್ಟು ಮೈಕು ಸಿಕ್ಕಿಸಿಕೊಳ್ಳಬೇಕು. ಮಾತು ದೂರದ ಸರ್ವರಿಗೆ ಹೋಗಿ, ಅಕ್ಷರವಾಗಿ ಹಲಗೆಯ ಗಾಜಿನ ಮೇಲೆ ಇಳಿಯುತ್ತದೆ. ಬರುವ ದಾರಿಯುದ್ದಕ್ಕೂ ಅಕ್ಷರಗಳು ಗೂಢಲಿಪಿಯಲ್ಲಿರುತ್ತವೆ. ಮಧ್ಯೆ ಯಾರು ಇಣುಕಿದರೂ ತಲೆಬುಡ ತಿಳಿಯದ ಗೀಚು ಬಿಟ್ಟು ಬೇರೇನೂ ಕಾಣುವುದಿಲ್ಲ. ಹಲಗೆಯ ಒಳಗೆ ಕೂತು ಆ ಗೂಢಲಿಪಿಯನ್ನು ಬಿಡಿಸಿ ತೋರಿಸುವ ಪ್ರೋಗ್ರಾಮು ಕೆದಕಮ್ಮನ ಕೈಯದು. ಮೊದಲ ಹಲಗೆಯನ್ನು ಅವಳು ತಂದು ಕೊಟ್ಟದ್ದು ದೊಡ್ಡಮ್ಮನಿಗೆ, ಪರೀಕ್ಷೆಗೆಂದು ಹೇಳಿ, ಪ್ರೀತಿಗೆಂದು.

ಆ ಭಾನುವಾರ ಮಾವ ಹರಾಜಿಗೆ ಬಂದ ಬೀರುವೊಂದರ ಕತೆ ಹೇಳುತ್ತಿದ್ದರು. ಗಿರಾಕಿ ದುಡ್ಡು ಕೊಟ್ಟು ಬಾಗಿಲು ತೆಗೆದರೆ ಒಳಗೆ ಬೆಕ್ಕು, ಬೆಕ್ಕಿನ ಸುತ್ತ ಮರಿಗಳು. ಗಿರಾಕಿ ಬೀರು ಬೇಡ ಅಂದನೇ ಹೊರತು ಮರಿ ಬೇಡ ಅನ್ನಲಿಲ್ಲವಂತೆ. ಮಗ ನಡುವೆ ಬಾಯಿ ಹಾಕಿದ, ಸೊಸೆ ಅವನ ಬಾಯಿಯ ಮೇಲೆ ಬಾಯಿ ಹಾಕಿದಳು, ಮೂವರೂ ಒಟ್ಟಿಗೆ ಕಿರುಚಿ, ಮೇಜು ಕುಟ್ಟಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡಮ್ಮನ ಹಲಗೆಯಲ್ಲಿ ಬೆಕ್ಕು ಇನ್ನೂ ಬೀರುವಿನಿಂದ ಹೊರಗೆ ಬಂದಿರಲಿಲ್ಲ. ಅಕ್ಷರ ತಡವರಿಸಿತು, ನಿಂತಿತು, ಆಮೇಲೆ ಒಂದು ಕೆಂಪು ಸಾಲು ಮೂಡಿತು: ‘ಸಂಪರ್ಕ ಅನಿರೀಕ್ಷಿತವಾಗಿ ಕಡಿದಿದೆ.’

ದೊಡ್ಡಮ್ಮ ಎಲ್ಲರ ಮುಖ ನೋಡಿದರು. ಎಲ್ಲರೂ ನಗುತ್ತಿದ್ದಾರಲ್ಲ ಎಂದು ತಾವೂ ನಕ್ಕರು, ಅಷ್ಟು ತಡವಾಗಿ, ಅಷ್ಟು ಸಣ್ಣಗೆ. ಆ ನಗು ನೋಡಿ ಕೆದಕಮ್ಮ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು.

ಊಟವಾದ ಮೇಲೆ ದೊಡ್ಡಮ್ಮ ಅವಳನ್ನು ಪಕ್ಕಕ್ಕೆ ಕರೆದರು.

"ನೋಡು ಮಗಳೇ, ಡಾಕ್ಟರ ಹತ್ರ ಹೋದ್ರೆ ಇದು ಚೆನ್ನಾಗೇ ಕೆಲಸ ಮಾಡುತ್ತೆ. ಬ್ಯಾಂಕಲ್ಲೂ ಮಾಡುತ್ತೆ. ನಗು ಬರೋ ಹೊತ್ತಿಗೆ ಸರಿಯಾಗಿ ಕೈ ಕೊಡುತ್ತೆ. ಎಲ್ಲರೂ ನಗ್ತಾ ಇರ್ಬೇಕಾದ್ರೆ ಬೆಪ್ಪಿ ಥರ ಮುಖ ನೋಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ. ಇನ್ನೊಂದು ಭಾನುವಾರ ನೋಡ್ತೀನಿ. ಆಗ್ಲೂ ಹೀಗೇ ಆದ್ರೆ ಹಲಗೆ ನೀನೇ ಇಟ್ಕೋ. ನಾನು ನನ್ನ ರೂಮಲ್ಲೇ ತಟ್ಟೆ ತರಿಸ್ಕೊಂಡು ಊಟ ಮಾಡ್ತೀನಿ."

ದೊಡ್ಡಮ್ಮ ಕೋಪದಲ್ಲಿ ಹೇಳಿದ್ದರೆ ಕೆದಕಮ್ಮ ಅಷ್ಟು ಹೆದರುತ್ತಿರಲಿಲ್ಲ. ಅವರು ಸಮಾಧಾನವಾಗಿ ಹೇಳಿದ್ದರು. ಸಮಾಧಾನವಾಗಿ ಹೇಳಿದ್ದನ್ನು ದೊಡ್ಡಮ್ಮ ಮಾಡದೆ ಬಿಟ್ಟ ಉದಾಹರಣೆ ಆ ಮನೆಯಲ್ಲಿ ಇರಲಿಲ್ಲ.

ಸೋಮವಾರ ಅವಳು ಆಫೀಸಿಗೆ ಹೋದವಳೇ ಸರ್ವರಿನವನ ಕುರ್ಚಿಯ ಪಕ್ಕ ನಿಂತಳು. ಸರ್ವರು ನೋಡಿಕೊಳ್ಳುವ ಈ ಮಹಾಶಯನ ಬಾಯಲ್ಲಿ ಯಾವ ಪ್ರಶ್ನೆಗೂ ಒಂದೇ ಉತ್ತರ.

"ನನ್ನ ಕಡೆ ಎಲ್ಲಾ ಸರಿಯಾಗಿದೆ."

"ನಾನಿನ್ನೂ ಕೇಳೇ ಇಲ್ವಲ್ಲೋ."

"ಕೇಳಿದ್ರೂ ಅದೇ ಉತ್ತರ. ನೋಡು ಬೇಕಾದ್ರೆ. ಹಲಗೆಗೆ ‘ಇದ್ದೀಯಾ?’ ಅಂತ ಕೇಳಿದೀನಿ. ‘ಇದ್ದೀನಿ’ ಅಂತ ಉತ್ತರ ಬರ್ಲಿಲ್ಲ. ಕಾದೆ. ಬರ್ಲಿಲ್ಲ. ಸತ್ತುಹೋಗಿದೆ ಅಂದ್ಕೊಂಡು ಸಂಪರ್ಕ ಕಡಿದೆ. ಇದರಲ್ಲಿ ನನ್ನ ತಪ್ಪೇನು ಹೇಳು?"

ಹಲಗೆಯ ದಾಖಲೆ ನೋಡಿದರೆ ಅದು ಬೇರೆಯೇ ರಾಗ ಹಾಡುತ್ತಿತ್ತು. ಬಾಗಿಲಲ್ಲಿ ಕಾಯುತ್ತಲೇ ಇದ್ದೆ, ಯಾರೂ ಬರಲಿಲ್ಲ, ಯಾರೂ ಏನೂ ಕೇಳಲಿಲ್ಲ, ಸುಮ್ಮಸುಮ್ಮನೆ ಕಡಿದುಬಿಟ್ಟರು ಎಂದು. ಕೇಳಿದೆ ಎಂದು ಒಬ್ಬ, ಕೇಳಲೇ ಇಲ್ಲ ಎಂದು ಇನ್ನೊಬ್ಬ. ಮನೆಯಲ್ಲಿ ಗಂಡ ಹೆಂಡತಿ ಜಗಳ ಬಿಡಿಸಿದವರಿಗೆ ಇದರ ಕಷ್ಟ ಗೊತ್ತು; ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಕೆದಕಮ್ಮ ಮೊದಲು ವೈಫೈ ಮೇಲೆ ಗುಮಾನಿ ಪಟ್ಟಳು. ಆಮೇಲೆ ಅಡುಗೆಮನೆಯ ಓವನ್ ಮೇಲೆ. ಆಮೇಲೆ ಗೂಢಲಿಪಿಗೆ ಬೇಕಾದ ಪ್ರಮಾಣಪತ್ರದ ಅವಧಿ ಮುಗಿದಿದೆಯೇನೋ ಎಂದು ನೋಡಿದಳು. ಅದು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಸರ್ವರು ಉತ್ತರಕ್ಕೆ ಕಾಯುವ ಹೊತ್ತನ್ನು ಹೆಚ್ಚಿಸಿದಳು. ಕಡಿಯುವುದು ತಡವಾಯಿತೇ ಹೊರತು ತಪ್ಪಲಿಲ್ಲ. ಕಡಿದ ತಕ್ಷಣ ತಾನಾಗಿಯೇ ಮತ್ತೆ ಜೋಡಿಸಿಕೊಳ್ಳುವ ಹಾಗೆ ಬರೆದು ನೋಡಿದಳು. ಆದರೆ ಗೂಢಲಿಪಿಯ ಸಂಪರ್ಕ ಅಂದರೆ ಎರಡು ಕಡೆಯವರೂ ಮೊದಲು ಪರಿಚಯ ಹೇಳಿಕೊಂಡು, ಕೀಲಿಕೈ ಗೊತ್ತುಮಾಡಿಕೊಂಡು, ಆಮೇಲೆ ಮಾತಿಗಿಳಿಯಬೇಕು. ಅವರ ಉಭಯಕುಶಲೋಪರಿ ಮುಗಿಯುವಷ್ಟರಲ್ಲಿ ಜೋಕು ತಣ್ಣಗಾಗಿರುತ್ತಿತ್ತು.

ಇಷ್ಟಕ್ಕೂ ಆಫೀಸಿನಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ಹಲಗೆ ಕಡಿಯುತ್ತಲೇ ಇರಲಿಲ್ಲ. ಆ ಆಫೀಸಿನ ಪದ್ಧತಿ ಒಂದಿಷ್ಟು ಹೇಳಬೇಕು. ಯಜಮಾನರು ಗದ್ದಲ ಕಂಡರೆ ತಲೆನೋವು ಬರುವ ಮನುಷ್ಯ. ಸಭೆ ಅಂದಮೇಲೆ ಶಿಸ್ತು ಇರಬೇಕೆಂದು ಅವರೊಂದು ಮರದ ಸೌಟು ತಂದಿಟ್ಟಿದ್ದರು. ಸೌಟು ಕೈಯಲ್ಲಿದ್ದವರು ಮಾತ್ರ ಮಾತಾಡಬೇಕು. ಮುಗಿದ ಮೇಲೆ ಪಕ್ಕದವರಿಗೆ ದಾಟಿಸಬೇಕು. ಮೊದಮೊದಲು ಎಲ್ಲರೂ ಮುಸಿಮುಸಿ ನಕ್ಕರು. ಆಮೇಲೆ ಅದೇ ರೂಢಿಯಾಗಿ, ಸೌಟಿಲ್ಲದೆ ‘ಬೆಂಕಿ’ ಎಂದು ಕೂಗಲೂ ಹಿಂಜರಿಯುವ ಹಾಗಾಗಿದ್ದರು. ಹಲಗೆಯ ಪರೀಕ್ಷೆಯೂ ಸೌಟು ದಾಟಿಸಿಕೊಂಡೇ ನಡೆದಿತ್ತು. ಒಬ್ಬರು ಒಂದು ವಾಕ್ಯ ಹೇಳುವುದು, ಎಲ್ಲರೂ ಹಲಗೆ ನೋಡುವುದು, ಚೆನ್ನಾಗಿ ಬಂತು ಎಂದು ತಲೆಯಾಡಿಸುವುದು, ಸೌಟು ದಾಟಿಸುವುದು.

ಬುಧವಾರ ಸಂಜೆ ಕೆದಕಮ್ಮ ಕಂಪ್ಯೂಟರು ಹೆಗಲಿಗೇರಿಸಿಕೊಂಡು ದೊಡ್ಡಮ್ಮನ ಮನೆಗೇ ಹೋದಳು. ದೊಡ್ಡಮ್ಮ ಮಹಡಿಯ ಮೇಲೆ ಮಲಗಿದ್ದರು. ಮಗ, ಸೊಸೆ, ಮಾವ ಮೂವರಿಗೂ ಮೈಕು ಸಿಕ್ಕಿಸಿ, "ಏನಾದ್ರೂ ಮಾತಾಡಿ" ಎಂದಳು.

ಅಷ್ಟು ಸಾಕಾಯಿತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದವರ ಬಾಯಿಗೆ ಬೀಗ ಬಿತ್ತು. ಮಗ ಗಂಟಲು ಸರಿಮಾಡಿಕೊಂಡು, "ನಮಸ್ಕಾರ. ಇಂದು ಹವಾಮಾನ ಚೆನ್ನಾಗಿದೆ" ಎಂದ. ಸೊಸೆ ಕೈಕಟ್ಟಿ ನಿಂತು, "ಹೌದು, ಚೆನ್ನಾಗಿದೆ" ಎಂದಳು. ಮಾವ ಇಬ್ಬರ ಮಾತೂ ಮುಗಿಯುವವರೆಗೆ ಕಾದು, "ನಾನೂ ಒಪ್ಪುತ್ತೇನೆ" ಎಂದರು. ಹಲಗೆ ಮೂರೂ ಸಾಲನ್ನು ಮುತ್ತು ಪೋಣಿಸಿದ ಹಾಗೆ ತೋರಿಸಿತು. ಹೀಗೇ ಹವಾಮಾನ, ತರಕಾರಿ, ರಸ್ತೆಯ ಗುಂಡಿ ಎಲ್ಲ ಮುಗಿದರೂ ಸಂಪರ್ಕ ಕಡಿಯುವ ಲಕ್ಷಣ ಕಾಣಲಿಲ್ಲ. ಕೆದಕಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು.

"ಸಾಕು ಬಿಡಿ," ಎಂದಳು. "ಯಾಕೆ ಕಡೀತಿತ್ತೋ ಆ ದೇವರಿಗೇ ಗೊತ್ತು."

"ನಾನ್ ಹೇಳ್ಲಿಲ್ವಾ, ಆ ಓವನ್ನೇ ಅಂತ," ಎಂದ ಮಗ.

"ಓವನ್ ವಿಷಯ ನೀವು ಮಾತಾಡ್ಬೇಡಿ," ಎಂದಳು ಸೊಸೆ. "ಅದರ ಬಾಗ್ಲು ಮುರಿದಿದ್ದು ಯಾರು?"

"ಮುರಿದಿದ್ದಾ? ಅದು ಮೊದ್ಲೇ ಸಡ್ಲ ಇತ್ತು! ಮಾವನೇ ಅಲ್ವಾ ಹರಾಜಿಂದ ತಂದಿದ್ದು, ಅದಕ್ಕೇ..."

"ಏಯ್, ನನ್ನ ತಲೆಗೆ ಕಟ್ಬೇಡ! ನಾನು ತಂದಾಗ ಬಾಗ್ಲು ಕಲ್ಲಿನ ಹಾಗಿತ್ತು, ಕೂಗಿದ ಬೆಲೆ ಏನು, ಬಂದ ಬೆಲೆ ಏನು..."

ಮೂವರೂ ಒಂದೇ ಸಲಕ್ಕೆ ಶುರು ಹಚ್ಚಿಕೊಂಡರು. ಹಲಗೆಯಲ್ಲಿ ಅಕ್ಷರ ತಡವರಿಸಿತು. ಮಗನ ಮಾತು ಬಂತು, ಸೊಸೆಯದು ಬರಲಿಲ್ಲ. ಮಾವ ಹೊಸ ಮಾತು ಆಡಿ ಮುಗಿಸಿದ ಮೇಲೆ ಸೊಸೆಯ ಹಳೇ ಮಾತು ಮೂಡಿತು. ಆಮೇಲೆ ಕೆಂಪು ಸಾಲು.

"ಕಡೀತು!" ಎಂದು ಕೆದಕಮ್ಮ ಕುರ್ಚಿಯಿಂದ ಹಾರಿದಳು. "ಅತ್ತಿಗೆ, ಮತ್ತೊಂದ್ಸಲ ಜಗಳ ಆಡಿ! ಹಾಗೇ, ಒಬ್ಬರ ಮೇಲೊಬ್ಬರು ಬಿದ್ದು!"

ಅತ್ತಿಗೆ ಅವಳನ್ನು ವಿಚಿತ್ರವಾಗಿ ನೋಡಿದಳು. ಆದರೆ ಓವನ್ ವಿಷಯದಲ್ಲಿ ಇನ್ನೂ ಹೇಳುವುದು ಬೇಕಾದಷ್ಟಿತ್ತಾದ್ದರಿಂದ ಇಲ್ಲ ಎನ್ನಲಿಲ್ಲ. ಮತ್ತೆ ಕಡಿಯಿತು. ಮೂರನೆಯ ಸಲವೂ ಕಡಿಯಿತು.

ಮರುದಿನ ಆಫೀಸಿನಲ್ಲಿ ಕೆದಕಮ್ಮ ಸೌಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, "ಇವತ್ತು ಎಲ್ಲರೂ ಒಟ್ಟಿಗೆ ಮಾತಾಡ್ಬೇಕು" ಎಂದಳು. ಯಜಮಾನರ ಮುಖ ಸಪ್ಪಗಾಯಿತು. ಸರ್ವರಿನವನು ಒಂದು ಮಾತಾಡಿ, ಅಭ್ಯಾಸಬಲದಿಂದ ಪಕ್ಕದವರಿಗೆ ಬರಿಗೈ ಚಾಚಿದ. ಕೊನೆಗೆ ಕೆದಕಮ್ಮ ಒಬ್ಬೊಬ್ಬರ ಕೈಗೂ ಒಂದೊಂದು ಕಾಗದ ಕೊಟ್ಟು ಗಟ್ಟಿಯಾಗಿ ಓದಿಸಿದಳು. ಲೆಕ್ಕದವರು ಫ್ಯಾನು ಜೋಡಿಸುವ ವಿಧಾನ ಓದಿದರು, ಸರ್ವರಿನವನು ಬಾಡಿಗೆ ಕರಾರು ಓದಿದ. ಯಜಮಾನರು ತಾವೇ ಬರೆದ ಮೌನದ ನಿಯಮಗಳನ್ನು ಎಲ್ಲರಿಗಿಂತ ಜೋರಾಗಿ ಓದಿದರು. ಒಳಗೊಳಗೇ ಅವರಿಗೆ ಖುಷಿಯಾಗಿದ್ದು ಎಲ್ಲರಿಗೂ ಗೊತ್ತಾಯಿತು. ಪುಟ ತಿರುಗಿಸುವಷ್ಟರಲ್ಲಿ ಸಂಪರ್ಕ ಕಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲಸ ಕೆಟ್ಟದ್ದಕ್ಕೆ ಚಪ್ಪಾಳೆ ಬೀಳುವುದು ಈ ಕಸುಬಿನಲ್ಲಿ ಮಾತ್ರ ಇರಬೇಕು. ಕಾಣದ ತಪ್ಪನ್ನು ಹಿಡಿಯುವುದು ಹೇಗೆ? ಕರೆದಾಗಲೆಲ್ಲ ಬರುವ ತಪ್ಪಾದರೆ ಅರ್ಧ ಕೈಗೆ ಸಿಕ್ಕಿದ ಹಾಗೆ.

"ಗೂಢಲಿಪಿ ತೆಗೆದು ನೋಡು," ಎಂದ ಸರ್ವರಿನವನು. ಪರೀಕ್ಷೆಗೆಂದು ತೆಗೆದರು. ಎಷ್ಟು ಕಿರುಚಿದರೂ ಹಲಗೆ ಜಪ್ಪಯ್ಯ ಅನ್ನಲಿಲ್ಲ. ಎಲ್ಲರ ಮಾತೂ ಸರಸರನೆ ಬಂತು.

ಯಜಮಾನರು ಹಣೆ ಒರೆಸಿಕೊಂಡರು. "ಹಾಗಾದ್ರೆ ಆಯ್ತಲ್ಲ. ಸದ್ಯಕ್ಕೆ ನಿಮ್ಮ ದೊಡ್ಡಮ್ಮನ ಹಲಗೇಲಿ ಗೂಢಲಿಪಿ ಬೇಡ. ಭಾನುವಾರಕ್ಕೆ ಹೇಗಾದ್ರೂ ನಡೆದ್ರೆ ಸಾಕು ಅಂತ ನೀವೇ ಹೇಳಿದ್ರಿ."

ಕೆದಕಮ್ಮನಿಗೆ ಒಂದು ಕ್ಷಣ ಆಸೆಯಾಯಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೊಡ್ಡಮ್ಮ ಮೇಜು ಬಿಟ್ಟು ಏಳುತ್ತಿರಲಿಲ್ಲ. ಆದರೆ ಆ ಮೇಜಿನಲ್ಲಿ ಏನೇನು ಮಾತು ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಯಾರ ಮೊಣಕಾಲು ನೋವು, ಯಾರ ಸಂಬಳ, ಪಕ್ಕದ ಮನೆಯವರ ಬಗ್ಗೆ ಯಾರಿಗೆ ಏನು ಅಭಿಪ್ರಾಯ.

"ಆಗಲ್ಲ ಸಾರ್," ಎಂದಳು. "ಕಿವಿ ಕೇಳೋರು ಮನೆ ಮಾತನ್ನ ಮನೆಯೊಳಗೇ ಆಡ್ತಾರೆ. ಕಿವಿ ಕೇಳಲ್ಲ ಅನ್ನೋ ಒಂದೇ ಕಾರಣಕ್ಕೆ ನಮ್ಮ ದೊಡ್ಡಮ್ಮನ ಮನೆ ಮಾತು ಯಾಕೆ ಬೀದಿಗೆ ಬೀಳ್ಬೇಕು? ನಾಳೆವರೆಗೆ ಬಿಡಿ ನನ್ನ."

ಯಜಮಾನರು ಸೌಟಿಗಾಗಿ ಸುತ್ತ ನೋಡಿದರು, ಸಿಗಲಿಲ್ಲ, ಸುಮ್ಮನಾದರು.

ಶುಕ್ರವಾರ ಬೆಳಗ್ಗೆ ಅವಳು ತನ್ನದೇ ಪ್ರೋಗ್ರಾಮನ್ನು ಬೇರೆ ಯಾರೋ ಬರೆದದ್ದು ಎಂಬಂತೆ ಮೊದಲಿನಿಂದ ಓದಿದಳು. ಹಲಗೆಗೆ ಬಂದು ಮುಟ್ಟಿದ್ದೆಷ್ಟು, ಗಾಜಿನ ಮೇಲೆ ಮೂಡಿದ್ದೆಷ್ಟು ಎಂದು ಪಕ್ಕಪಕ್ಕ ಇಟ್ಟು ನೋಡಿದಳು. ಬಂದದ್ದು ಜಾಸ್ತಿ, ಮೂಡಿದ್ದು ಕಮ್ಮಿ. ಅಂದರೆ ಮಾತು ದಾರಿಯಲ್ಲಿ ಕಳೆದುಹೋಗಿರಲಿಲ್ಲ. ಹಲಗೆಯೊಳಕ್ಕೆ ಬಂದು, ಅಲ್ಲೇ ಎಲ್ಲೋ ಕೂತಿತ್ತು. ಎಲ್ಲಿ ಎಂದು ಕೇಳಿಕೊಂಡಳು, ಪ್ರೋಗ್ರಾಮಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು, "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಗಟ್ಟಿಯಾಗಿ ನಕ್ಕುಬಿಟ್ಟಳು.

ಸರ್ವರಿನವನು ಓಡಿ ಬಂದ. "ನನ್ನ ಕಡೆ..."

"ನಿನ್ನ ಕಡೆ ಎಲ್ಲಾ ಸರಿಯಾಗೇ ಇದೆ ಮಾರಾಯ. ಕೇಳು ಇಲ್ಲಿ. ಒಂದೊಂದು ಮಾತೂ ಒಂದೊಂದು ಕಾಗದ ಅಂದ್ಕೋ. ಗೂಢಲಿಪಿ ಇಲ್ದಿದ್ರೆ ಕಾಗದಗಳು ಬಾಗ್ಲಲ್ಲೇ ಬಿಡಿಬಿಡಿಯಾಗಿ ಬಿದ್ದಿರ್ತವೆ. ನನ್ನ ಪ್ರೋಗ್ರಾಮು ಒಂದನ್ನ ಎತ್ಕೊಂಡ್ರೆ ಉಳಿದದ್ದು ಕಣ್ಣಿಗೆ ಕಾಣ್ಸುತ್ತೆ. ಗೂಢಲಿಪಿ ಇದ್ರೆ ಬೀಗ ಹಾಕಿರೋ ಚೀಲ ಬರುತ್ತೆ. ಚೀಲಾನ ಒಳಗೆ ತಗೊಂಡ್ಹೋಗಿ ಬೀಗ ತೆಗೀಬೇಕು. ಒಬ್ರೇ ಮಾತಾಡಿದ್ರೆ ಚೀಲದಲ್ಲಿ ಒಂದೇ ಕಾಗದ. ಮೂರು ಜನ ಕಿರುಚಿದ್ರೆ ಮೂರು ಕಾಗದ, ಅವುಗಳ ಕೆಳಗೆ ನಿನ್ನ ‘ಇದ್ದೀಯಾ?’ ಕೂಡ. ನನ್ನ ಪ್ರೋಗ್ರಾಮು ಏನ್ಮಾಡುತ್ತೆ ಗೊತ್ತಾ? ಮೇಲಿನ ಒಂದು ಕಾಗದ ಓದಿ, ಚೀಲ ಅಲ್ಲೇ ಬಿಸಾಕಿ, ಬಾಗ್ಲಿಗೆ ಓಡಿಹೋಗಿ ಯಾರು ಬರ್ತಾರೆ ಅಂತ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯುತ್ತೆ!"

"ಚೀಲ ಒಳಗೆ ಬಿದ್ದಿರುತ್ತೆ..."

"ಬಿದ್ದಿರುತ್ತೆ! ಇನ್ನೊಂದು ಚೀಲ ಬಂದಾಗ ನೆನಪಾಗಿ ಹಳೇ ಚೀಲದಿಂದ ಮತ್ತೊಂದು ಕಾಗದ ತೆಗೆಯುತ್ತೆ. ಅದಕ್ಕೇ ಮೊದಲು ಮಾತು ತಡ ಆಗ್ತಿತ್ತು, ಆಮೇಲೆ ನೀನು ಕಾದು ಕಾದು ಕಡೀತಿದ್ದೆ."

"ಸೌಟು ಇದ್ದಿದ್ರಿಂದ ನಮಗೆ ಒಂದು ಚೀಲದಲ್ಲಿ ಎರಡು ಕಾಗದ ಬರ್ಲೇ ಇಲ್ಲ ಅನ್ನು."

"ನಾವು ಸಭ್ಯರಾಗಿ ಕೆಟ್ವಿ ನೋಡು."

ತಿದ್ದುಪಡಿ ನಾಲ್ಕೇ ಸಾಲು. ಬಾಗಿಲಿಗೆ ಹೋಗುವ ಮುಂಚೆ ಒಳಗಿನ ಚೀಲ ಖಾಲಿಯಾಗಿದೆಯೇ ನೋಡು, ಇಲ್ಲದಿದ್ದರೆ ಖಾಲಿ ಮಾಡಿಯೇ ಹೋಗು, ಅಷ್ಟೆ. ಇಡೀ ವಾರ ಕೂದಲು ಕಿತ್ತುಕೊಂಡಿದ್ದಕ್ಕೆ ನಾಲ್ಕು ಸಾಲು. ಸಂಜೆಯವರೆಗೆ ಆಫೀಸಿನವರೆಲ್ಲ ಗಂಟಲು ಹರಿಯುವ ಹಾಗೆ ಕಿರುಚಿದರೂ ಸಂಪರ್ಕ ಕಡಿಯಲಿಲ್ಲ. ಯಜಮಾನರ ದನಿ ಬಿದ್ದೇ ಹೋಯಿತು, ಆದರೂ ಮನೆಗೆ ಹೋಗಲು ಅವರಿಗೆ ಮನಸ್ಸಿರಲಿಲ್ಲ.

ಆದರೂ ಭಾನುವಾರ ದೊಡ್ಡಮ್ಮನ ಮುಂದೆ ಹಲಗೆ ಇಡುವ ಮುಂಚೆ ಕೆದಕಮ್ಮ ಅದನ್ನು ಎರಡೆರಡು ಸಲ ಪರೀಕ್ಷಿಸಿದಳು. ಆಫೀಸಿನವರು ಎಷ್ಟೇ ಕಿರುಚಿದರೂ ಅವರು ಕೂಲಿಗೆ ಕಿರುಚುವವರು. ಈ ಮನೆಯವರದು ವಂಶಪಾರಂಪರ್ಯ.

ದೊಡ್ಡಮ್ಮ ಹಲಗೆಯನ್ನು ದೊಡ್ಡ ಆಸೆಯೇನೂ ಇಲ್ಲದೆ ತಟ್ಟೆಯ ಪಕ್ಕಕ್ಕೆ ಸರಿಸಿಕೊಂಡರು. ಎಲ್ಲರಿಗೂ ವಿಷಯ ಗೊತ್ತಿದ್ದರಿಂದ ಶುರುವಿನಲ್ಲಿ ಎಲ್ಲರೂ ಹುಷಾರಾಗಿ, ಮೆಲ್ಲಮೆಲ್ಲಗೆ ಮಾತಾಡಿದರು. ಆ ನಾಟಕ ಎಷ್ಟು ಹೊತ್ತು ನಡೆದೀತು? ಮಾವ ಒಂದು ಮಾತು ಎತ್ತಿದರು, ಸೊಸೆ ಅಡ್ಡ ಬಂದಳು, ಮಗ ಇಬ್ಬರನ್ನೂ ಹಿಂದೆ ಹಾಕಿ ಮುಂದೆ ನುಗ್ಗಿದ. ತಾನು ಮೊದಲ ಸಲ ಸೈಕಲ್ ಹೊಡೆದ ಕತೆ ಅವನದು.

"ಯಾರೂ ಹಿಡ್ಕೊಳ್ಳೇ ಇಲ್ಲ ನನ್ನ! ಇಳಿಜಾರಲ್ಲಿ ಬಿಟ್ಟಿದ್ದೇ..."

"ಓ, ಇವ್ರು ಹುಟ್ಟುತ್ಲೇ ಮೇಷ್ಟ್ರು..."

"ಆ ಸೈಕಲ್ ನಾನೇ ಅಲ್ವೇನೋ ಹರಾಜಿಂದ..."

"ಕೇಳಿ ಇಲ್ಲಿ! ಒಂದು ಸಲಾನೂ ಬೀಳ್ದೆ ಸೀದಾ ಕೆಳಗಿನ ರಸ್ತೆವರೆಗೂ..."

ಕೆದಕಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಟ್ಟೆಯಲ್ಲಿದ್ದದ್ದು ಆರುತ್ತಿತ್ತು. ಅವಳ ಕಣ್ಣು ದೊಡ್ಡಮ್ಮನ ಕಣ್ಣಿನ ಮೇಲಿತ್ತು. ಆ ಕಣ್ಣುಗಳು ಹಲಗೆಯ ಮೇಲೆ ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ ಓಡುತ್ತಿದ್ದವು. ನಿಲ್ಲಲಿಲ್ಲ. ಇನ್ನೂ ಜೋರಾಗಿ ಓಡಿದವು.

"ಸುಳ್ಳು!"

ಮಗನ ವಾಕ್ಯ ಅರ್ಧಕ್ಕೇ ನಿಂತಿತು.

"ಹಸಿ ಸುಳ್ಳು!" ಎಂದರು ದೊಡ್ಡಮ್ಮ, ಮೇಜು ಕುಟ್ಟಿ. "ಕೆಳಗಿನ ರಸ್ತೆ ಅಂತೆ! ಮೂರನೇ ಮನೆಯವ್ರು ಒಣಗಹಾಕಿದ್ದ ಬೆಡ್‌ಶೀಟಿಗೆ ನುಗ್ಗಿ, ಸುತ್ಕೊಂಡು ಬಿದ್ದು, ಅಮ್ಮಾ ಕತ್ತಲಾಯ್ತು ಅಂತ ಅತ್ತಿದ್ದು ಯಾರೋ? ಬಿಡಿಸಿ ಎತ್ಕೊಂಡು ಬಂದಿದ್ದು ನಾನು!"

ಮೇಜಿನ ಸುತ್ತ ಒಬ್ಬರೂ ಉಸಿರೆತ್ತಲಿಲ್ಲ. ಎರಡು ವರ್ಷದಲ್ಲಿ ದೊಡ್ಡಮ್ಮ ಎಲ್ಲರೂ ಆಡಿ ಮುಗಿಸಿದ ಮೇಲೆ ಮಾತಾಡಿದ್ದರು, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದರು, ನೀರು ಕೊಡಿ ಎಂದಿದ್ದರು. ಯಾರ ಮಾತನ್ನೂ ಅರ್ಧಕ್ಕೆ ಕತ್ತರಿಸಿರಲಿಲ್ಲ. ಮಗನ ಬಾಯಿ ತೆರೆದೇ ಇತ್ತು. ಸೊಸೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಹರಾಜಿನ ಮಾವನಿಗೆ ಜೀವಮಾನದಲ್ಲಿ ಮೊದಲ ಸಲ ಮಾತು ಸಿಗಲಿಲ್ಲ.

ದೊಡ್ಡಮ್ಮ ಹಲಗೆ ನೋಡಿದರು. ತಮ್ಮ ಮಾತಿನ ನಂತರ ಅದರಲ್ಲಿ ಏನೂ ಬಂದಿರಲಿಲ್ಲ. ಕೊನೆಯ ಸಾಲಿನ ಕೆಳಗೆ ಬರೀ ಖಾಲಿ ಗಾಜು. ಅವರ ಮುಖ ಇಳಿಯಿತು.

"ಮತ್ತೆ ಕಡಿದುಹೋಯ್ತಾ ಮಗಳೇ?" ಎಂದು ಮೆಲ್ಲಗೆ ಕೇಳಿದರು.

ಕೆದಕಮ್ಮನಿಗೆ ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು. ಅಂಗಿಯ ಮೈಕು ಬಾಯಿಯ ಹತ್ತಿರ ಹಿಡಿದುಕೊಂಡು ಹೇಳಿದಳು. ಅವಳು ಹೇಳುತ್ತಿದ್ದ ಹಾಗೇ ಅಕ್ಷರಗಳು ಗಾಜಿನ ಮೇಲೆ ಒಂದೊಂದಾಗಿ ಮೂಡಿದವು:

"ಇಲ್ಲ ದೊಡ್ಡಮ್ಮ. ನಾವೇ ಸುಮ್ನಾದ್ವಿ."

ದೊಡ್ಡಮ್ಮ ಅದನ್ನು ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ತಲೆ ಎತ್ತಿ ಎಲ್ಲರನ್ನೂ ಗದರಿಸಿದರು.

"ಮತ್ಯಾಕ್ರೋ ಸುಮ್ನೆ ಕೂತಿದ್ದೀರಾ? ಮಾತಾಡಿ!"

ಮೂವರೂ ಒಟ್ಟಿಗೆ ಶುರುಮಾಡಿದರು.